ಕಡವಿನಕ್ಕನ ಲಾಡ್ಜ್ ಉಪಯೋಗವಿಲ್ಲದ ಕಟ್ಟಡವಲ್ಲ: ನಮ್ಮ ಪಂಚಾಯತಿಗೆ ಒಂದು ಬಹಿರಂಗ ಪತ್ರ

ನಮ್ಮ ಗ್ರಾಮ ಪಂಚಾಯತಿನ ಮಾನ್ಯ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಹೊಳೆಬದಿ ಯೋಜನೆಯ ಕಡತ ನೋಡುತ್ತಿರುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಶಿರಿಯಾ ಹೊಳೆಯ ಬದಿಯವಳು. ಹೊಳೆ ಕಡಲಿಗೆ ಸೇರುವ ಅಳಿವೆಯಿಂದ ಸ್ವಲ್ಪ ಮೇಲೆ, ಉಪ್ಪುನೀರು ಏರಿ ಬಂದು ಸಿಹಿನೀರಿಗೆ ಸೇರುವ ಕಡೆ ಒಂದು ಹಳೆ ಕಡವು, ಅಂದರೆ ದೋಣಿ ದಾಟುವ ಜಾಗ, ಇದೆ. ಅದರ ಪಕ್ಕದ ಹಂಚಿನ ಮನೆ ನಮ್ಮದು. ಊರಿನವರು ಅದನ್ನು ಗಾಳದ ಲಾಡ್ಜ್ ಎನ್ನುತ್ತಾರೆ. ಅದನ್ನು ನಡೆಸಿದವರು ನನ್ನ ಅಜ್ಜಿ. ಅವರ ಹೆಸರು ಹೇಳಿದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಕಡವಿನಕ್ಕ ಎಂದರೆ ಗೊತ್ತಾಗುತ್ತದೆ. ನಿಮ್ಮಲ್ಲಿ ಕೆಲವರು ಅವರ ಕೈಯ ಮೀನುಸಾರು ಉಂಡವರೇ.

ಅಜ್ಜಿ ಹೋದ ತಿಂಗಳು ತೀರಿಕೊಂಡರು. ಉತ್ತರಕ್ರಿಯೆ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಈ ಪತ್ರ ಬರೆಯಲು ಕೂತಿದ್ದೇನೆ. ಬರೆಯಲೇಬೇಕು ಅನಿಸಿದ್ದು ಅವರು ಹೋಗುವ ಏಳು ವಾರ ಮುಂಚೆ ಮನೆಗೆ ಬಂದ ಒಂದು ನೋಟೀಸಿನಿಂದ.

ಎರಡು ಹಾಳೆಯ ನೋಟೀಸು. ಪೂರ್ತಿ ಮಲಯಾಳದಲ್ಲಿತ್ತು. ಅಜ್ಜಿ ಕಲಿತದ್ದು ಐದನೇ ಕ್ಲಾಸಿನವರೆಗೆ, ಕನ್ನಡ ಶಾಲೆಯಲ್ಲಿ, ಈ ಊರು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದಾಗ ಅವರಿಗೆ ಹದಿನೈದು ವರ್ಷ. ಅಲ್ಲಿಂದ ಸಾಯುವ ತನಕ ಕಚೇರಿಯ ಯಾವ ಕಾಗದವನ್ನೂ ಅವರು ಬೇರೆಯವರ ಬಾಯಿಯಿಂದಲೇ ಕೇಳಿ ತಿಳಿದುಕೊಂಡರು. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು. ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಪಕ್ಕದ ಮನೆಯ ಪ್ಲಸ್ ಟು ಓದುವ ಹುಡುಗಿಯನ್ನು ಕರೆದು ಓದಿಸಿದರಂತೆ.

ಹೊಳೆಬದಿಗೆ ಪಾರ್ಕ್ ಬರುತ್ತದೆ, ನಡೆಯಲು ದಾರಿ ಮಾಡುತ್ತಾರೆ, ದಡಕ್ಕೆ ಕಾಂಕ್ರೀಟಿನ ತಡೆಗೋಡೆ ಕಟ್ಟುತ್ತಾರೆ ಎಂದು ಅದರಲ್ಲಿತ್ತು. ಕಡವಿನ ಜಾಗ ಮತ್ತು ಅದಕ್ಕೆ ತಾಗಿಕೊಂಡ ಹಳೆ ಕಟ್ಟಡ "ಉಪಯೋಗಶೂನ್ಯಂ", ಆದ್ದರಿಂದ ಯೋಜನೆಗೆ ತೆಗೆದುಕೊಳ್ಳಬಹುದು ಎಂದಿತ್ತು. ಆಕ್ಷೇಪ ಇದ್ದರೆ 15 ದಿನದೊಳಗೆ ತಿಳಿಸಬೇಕಿತ್ತು.

ಹುಡುಗಿ ಓದಿ ಮುಗಿಸಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು. "ಅದು ಯಾವ ಜಾಗ ಮಗಾ?"

ಆ ಹುಡುಗಿ ನನಗೆ ಇದನ್ನು ಹೇಳುವಾಗ ಅತ್ತುಬಿಟ್ಟಳು. ನಿಮ್ಮದೇ ಜಾಗ ಎಂದು ಹೇಳಬೇಕಾಗಿ ಬಂದದ್ದು ಅವಳಿಗೆ. ಹೇಳಿದಳು. ಅಜ್ಜಿ ಏನೂ ಮಾತಾಡದೆ ಒಳಗೆ ಹೋಗಿ ತಮ್ಮ ಲೆಕ್ಕದ ಪುಸ್ತಕ ತಂದು ಜಗಲಿಯಲ್ಲಿ ಕೂತು ಬರೆದರಂತೆ. ಆ ಪುಟ ಈಗ ನನ್ನ ಮುಂದಿದೆ. ಹೀಗಿದೆ: "ಕಾಗದ ಬಂತು. ಲಾಡ್ಜ್‌ಗೆ ಉಪಯೋಗ ಇಲ್ಲ ಅಂತ ಬರೆದಿದ್ದಾರೆ. ಬೆಳಿಗ್ಗೆ ಇಬ್ಬರು ಬಂದಿದ್ದರು. ಗಂಜಿ ಕೊಟ್ಟೆ. ನೀರು ಹತ್ತೂವರೆಗೆ ಏರಿತು. ಚೆಂಬಲ್ಲಿ 1." ಚೆಂಬಲ್ಲಿ ಎಂದರೆ ಆ ದಿನ ಸಿಕ್ಕಿದ ಮೀನು.

ಮಾನ್ಯರೇ, ಆ ಒಂದು ಶಬ್ದಕ್ಕೆ ಉತ್ತರ ಕೊಡಲು ನಾನು ಇಷ್ಟುದ್ದ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನನ್ನ ಅಜ್ಜ ಆ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದರು. ಸೇತುವೆಯ ಮೇಲೆ ಬಸ್ಸು ಓಡಾಡಲು ಶುರುವಾದ ಮೇಲೆ ದಾಟುವವರು ಕಡಿಮೆಯಾದರು. ಅಜ್ಜ ಬೇಗ ತೀರಿಕೊಂಡರು. ಮೂರು ಮಕ್ಕಳು, ಒಂದು ದೋಣಿ, ಹದಿನೆಂಟು ತೆಂಗಿನಮರ. ಅಜ್ಜಿ ಕಡವಿನ ಮೆಟ್ಟಿಲ ಮೇಲೆ ಗಂಜಿ, ಚಟ್ನಿ, ಹುರಿದ ಮೀನು ಇಟ್ಟು ಮಾರಿದರು. ಹೊಯ್ಗೆ (ಮರಳು) ತೆಗೆಯುವವರು, ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರು, ತೆಂಗಿನಕಾಯಿ ಸಾಗಿಸುವವರು ಉಂಡು ಹೋಗುತ್ತಿದ್ದರು.

1979ರಲ್ಲಿ ಒಂದು ಶನಿವಾರ ಮಂಗಳೂರಿನಿಂದ ಇಬ್ಬರು ಬ್ಯಾಂಕ್ ನೌಕರರು ಗಾಳ ಹಿಡಿದುಕೊಂಡು ಬಂದರು. ಕುಂಬಳೆ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಬಂದಿದ್ದರು. ಸಂಜೆ ಮೀನು ಕಚ್ಚುವ ಹೊತ್ತಿಗೆ ರೈಲಿನ ಹೊತ್ತು ಮರೆತರು. ರಾತ್ರಿ ಜಗಲಿಯಲ್ಲಿ ಮಲಗಲು ಅಜ್ಜಿ ಚಾಪೆ ಕೊಟ್ಟರು. ಬೆಳಗಿನ ಜಾವ ನೀರು ಏರುವಾಗ ಅವರಿಗೆ ಒಂದು ಕಾಳಾಂಜಿ ಸಿಕ್ಕಿತು. ಮಂಗಳೂರಿನ ಕಡೆಯವರು ಅದನ್ನೇ ಕುರುಡಿ ಎನ್ನುತ್ತಾರೆ. ಮುಂದಿನ ಶನಿವಾರ ಆರು ಜನ ಬಂದರು. ಗಾಳದ ಲಾಡ್ಜ್ ಶುರುವಾದದ್ದು ಹಾಗೆ. ಮೊದಲಿಗೆ ದೋಣಿ ಇಡುತ್ತಿದ್ದ ಕೊಟ್ಟಿಗೆಗೆ ಗೋಡೆ ಕಟ್ಟಿ ಒಂದು ಕೋಣೆ. ಆಮೇಲೆ ಒಂದೊಂದಾಗಿ ನಾಲ್ಕು. ಪ್ರತಿ ಕೋಣೆಯಲ್ಲಿ ಮಂಚ, ಚಾಪೆ, ಒಂದು ಲಾಟೀನು, ಗಾಳ ನಿಲ್ಲಿಸಲು ಗೋಡೆಗೆ ಎರಡು ಗೂಟ. ಅಷ್ಟೇ. ಟಿವಿ ಕೊನೆಯ ತನಕ ಬರಲಿಲ್ಲ.

ಆ ಮನೆಯಲ್ಲಿ ನಾನು ಬೆಳೆದೆ. ನಸುಕಿನಲ್ಲಿ ಎದ್ದರೆ ಅಡುಗೆಮನೆಯಲ್ಲಿ ಅಜ್ಜಿ ಮಣ್ಣಿನ ಚಟ್ಟಿಗೆ ಬಿಂಬುಳಿ ಹಾಕಿ ಸಾರು ಕುದಿಸುತ್ತಿದ್ದರು. ಹೊರಗೆ ಜಗಲಿಯಲ್ಲಿ ಬಂದವರು ಪಿಸುಮಾತಿನಲ್ಲಿ ಗಾಳಕ್ಕೆ ಸಿಗಡಿ ಚುಚ್ಚುತ್ತಿದ್ದರು. ಜೋರಾಗಿ ಮಾತಾಡಬಾರದು ಎನ್ನುವುದು ಅಜ್ಜಿಯ ನಿಯಮ. ಮೀನಿಗೆ ಕೇಳುತ್ತದೆ ಎಂದು ಬಂದವರು ತಿಳಿದಿದ್ದರು. ಅಸಲು ಕಾರಣ ನಾವು ಮಕ್ಕಳು ಒಳಗೆ ನಿದ್ದೆ ಮಾಡುತ್ತಿದ್ದೆವು.

ಅವರ ನಿಯಮಗಳ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಿಮ್ಮ ಗೋಡೆಗೂ ಅದಕ್ಕೂ ಸಂಬಂಧ ಇದೆ.

ಯಾರಾದರೂ ಬರುತ್ತೇವೆ ಎಂದು ಕಾಗದ ಹಾಕಿದರೆ, ಆಮೇಲೆ ಫೋನ್ ಮಾಡಿದರೆ, ಅಜ್ಜಿ ಮೊದಲು ಪಂಚಾಂಗ ನೋಡುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಬನ್ನಿ ಎನ್ನುತ್ತಿದ್ದರು. ಆಗ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಮೀನು ಓಡಾಡುತ್ತದೆ. ಅಷ್ಟಮಿಗೆ ಬರುತ್ತೇವೆ ಎಂದವರಿಗೆ, "ಸುಮ್ನೆ ದುಡ್ಡು ಹಾಳು ಮಾಡಬೇಡಿ, ನೀರು ಸತ್ತಿರುತ್ತದೆ" ಎಂದು ನೇರವಾಗಿ ಹೇಳುತ್ತಿದ್ದರು. ಬಾಡಿಗೆ ಹೋದರೂ ಪರವಾಗಿಲ್ಲ, ಸುಳ್ಳು ಹೇಳಿ ಕರೆಸಿಕೊಂಡರು ಎಂಬ ಮಾತು ಬರಬಾರದು ಎಂಬ ಹಟ ಅವರದು.

ತೋಳುದ್ದಕ್ಕಿಂತ ದೊಡ್ಡ ಕಾಳಾಂಜಿ ಸಿಕ್ಕಿದರೆ ಹೊಳೆಗೆ ಬಿಡಬೇಕು. ಇದು ಎರಡನೆಯ ನಿಯಮ. ಎಷ್ಟೋ ಜನ ಜಗಳ ಮಾಡಿದ್ದಾರೆ. ಹತ್ತು ವರ್ಷ ಗಾಳ ಹಾಕಿದವನಿಗೆ ಒಮ್ಮೆ ಸಿಗುವ ಮೀನು, ಬಿಡು ಎಂದರೆ ಯಾರಿಗೆ ಮನಸ್ಸು ಬರುತ್ತದೆ? ಅಜ್ಜಿ ಒಂದೇ ಮಾತು ಹೇಳುತ್ತಿದ್ದರು, "ದೊಡ್ಡದೆಲ್ಲ ಬಾಣಂತಿ." ನಾನು ಕಾಲೇಜಿಗೆ ಹೋದ ಮೇಲೆ ಓದಿ ತಿಳಿದೆ. ಕಾಳಾಂಜಿ ಹುಟ್ಟಿ ಬೆಳೆಯುವಾಗ ಗಂಡಾಗಿರುತ್ತದೆ, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮೊಟ್ಟೆಯಿಡಲು ಹೊಳೆಯಿಂದ ಅಳಿವೆಗೆ ಇಳಿಯುತ್ತದೆ. ಹಾಗಾಗಿ ದೊಡ್ಡ ಮೀನನ್ನು ಹಿಡಿದು ತಿಂದರೆ ಮುಂದಿನ ವರ್ಷದ ಮರಿಗಳನ್ನೇ ತಿಂದ ಹಾಗೆ. ಐದನೇ ಕ್ಲಾಸು ಓದಿದ ನನ್ನ ಅಜ್ಜಿಗೆ ಇದು ಹೊಟ್ಟೆ ಸೀಳಿ ನೋಡಿ ನೋಡಿ ಗೊತ್ತಾಗಿತ್ತು.

ಕರಿಮೀನಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಕಡವಿನ ಮೆಟ್ಟಿಲ ಬದಿಯಲ್ಲಿ ನೀರು ಕಡಿಮೆ ಇರುವ ಕಡೆ, ಕಾಂಡ್ಲದ (ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡದ) ಬೇರಿಗೆ, ಮುಳುಗಿದ ಕಲ್ಲಿಗೆ ಅದು ಮೊಟ್ಟೆ ಅಂಟಿಸುತ್ತದೆ. ಮರಿ ಹೊರಬಂದಾಗ ಕೆಸರಿನಲ್ಲಿ ಸಣ್ಣ ಗುಂಡಿ ಮಾಡಿ ಅಲ್ಲಿಗೆ ಒಯ್ಯುತ್ತದೆ. ತಾಯಿ ತಂದೆ ಎರಡೂ ಕಾವಲು ನಿಲ್ಲುತ್ತವೆ. ಅಂಥ ಜೋಡಿ ಕಂಡಲ್ಲಿ ಅಜ್ಜಿ ಒಂದು ಕೋಲು ನೆಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಆ ಕೋಲಿನ ಹತ್ತಿರ ಯಾರೂ ಗಾಳ ಬಿಡುವಂತಿಲ್ಲ, ಬಲೆ ಬೀಸುವಂತಿಲ್ಲ. ನಮ್ಮ ಊರಿನ ಹುಡುಗರು ಕೂಡ ಆ ಕೆಂಪು ಬಟ್ಟೆ ದಾಟಿದ್ದನ್ನು ನಾನು ನೋಡಿಲ್ಲ. ಕೇರಳ ಸರ್ಕಾರ ಕರಿಮೀನನ್ನು ರಾಜ್ಯದ ಮೀನು ಎಂದು ಘೋಷಿಸಿದ್ದು 2010ರಲ್ಲಿ. ಆ ಸುದ್ದಿ ಪತ್ರಿಕೆಯಲ್ಲಿ ಓದಿ ಹೇಳಿದಾಗ ಅಜ್ಜಿ ತುಂಬ ಸಂತೋಷಪಟ್ಟರು. ಅಂದು ಬಂದವರಿಗೆಲ್ಲ ಪಾಯಸ ಮಾಡಿದ್ದರು.

ಜೂನ್, ಜುಲೈ ಎರಡು ತಿಂಗಳು ಲಾಡ್ಜ್ ಬಂದ್. ಕಡಲಿನಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ, ಅಂದರೆ ಯಂತ್ರದ ದೋಣಿಗಳು ಬಲೆ ಎಳೆದು ಮೀನು ಹಿಡಿಯಬಾರದು ಎಂಬ ನಿಯಮ, ಕೇರಳದಲ್ಲಿ ಶುರುವಾದದ್ದು 1988ರಲ್ಲಿ. ಅಜ್ಜಿ ಅದಕ್ಕಿಂತ ಒಂಬತ್ತು ವರ್ಷ ಮುಂಚಿನಿಂದಲೇ, ಲಾಡ್ಜ್ ತೆರೆದ ವರ್ಷದಿಂದಲೇ, ಮಳೆಗಾಲಕ್ಕೆ ಗಾಳ ಮೇಲೆತ್ತಿಸಿದ್ದರು. ಆ ಎರಡು ತಿಂಗಳು ಹಪ್ಪಳ, ಹಲಸಿನ ಬೀಜ, ಹೊಲಿಗೆ, ಹೀಗೆ ಹೇಗೋ ನಡೆಯುತ್ತಿತ್ತು. ಆಟಿಯ ಮಳೆಗೆ ಹಂಚು ಸೋರಿದರೆ ಸರಿಪಡಿಸಲು ದುಡ್ಡಿಲ್ಲದ ವರ್ಷಗಳೂ ಇದ್ದವು. ಆದರೂ ತೆರೆಯಲಿಲ್ಲ.

ಲಾಡ್ಜ್‌ನಿಂದ ಯಾರಿಗೆ ಉಪಯೋಗ ಆಯಿತು ಎಂದು ಕೇಳಿದರೆ, ನಾನು ಮೊದಲು ಹೆಸರು ಹೇಳದೆ ಹೊಳೆಯ ಆಚೆ ದಡದ ಏಳೆಂಟು ಹೆಂಗಸರ ಬಗ್ಗೆ ಹೇಳುತ್ತೇನೆ. ಗಾಳಕ್ಕೆ ಬೇಕಾದ ಜೀವ ಇರುವ ಸಿಗಡಿಯನ್ನು ಅವರು ಬೆಳಿಗ್ಗೆ ಹಿಡಿದು ಮಡಕೆಯಲ್ಲಿ ತಂದುಕೊಡುತ್ತಿದ್ದರು. ಅದರಿಂದ ಮಕ್ಕಳನ್ನು ಓದಿಸಿದರು. ಒಬ್ಬರ ಮಗ ಈಗ ಗಲ್ಫ್‌ನಲ್ಲಿದ್ದಾನೆ. ಅಜ್ಜಿ ಹೋದ ಸುದ್ದಿ ಕೇಳಿ ಫೋನಿನಲ್ಲಿ ಮಾತು ಬಾರದೆ ನಿಂತ. ದೋಣಿ ನಡೆಸುವವರು, ಸ್ಟೇಷನ್ನಿನ ಆಟೋದವರು, ಸಣ್ಣ ಅಂಗಡಿಯವರು, ಎಲ್ಲರಿಗೂ ಶನಿವಾರ ಭಾನುವಾರ ಎಂದರೆ ಗಾಳದವರು. ಬರುವವರಲ್ಲಿ ಮಂಗಳೂರಿನ ಕ್ರೈಸ್ತರು ಇದ್ದರು, ಕಣ್ಣೂರು, ಕೋಝಿಕ್ಕೋಡಿನ ಮಾಪಿಳ್ಳೆಗಳು ಇದ್ದರು, ಬೆಂಗಳೂರಿನ ಕಂಪೆನಿಯ ಹುಡುಗರಿದ್ದರು. ಜಗಲಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ಕೇಳುತ್ತಿತ್ತು. ಮಲಯಾಳ ಓದಲು ಬಾರದ ಅಜ್ಜಿ ಮಲಯಾಳದಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು! ನನಗೆ ಆ ಭಾಷೆಯ ಮೇಲೆ ಯಾವ ಸಿಟ್ಟೂ ಇಲ್ಲ. ಇದು ಇಲ್ಲಿ ಹೇಳಿಬಿಡುತ್ತೇನೆ, ಮುಂದೆ ನಾನು ಭಾಷೆಯ ಮಾತು ಎತ್ತುವಾಗ ತಪ್ಪು ತಿಳಿಯಬಾರದು.

ಇನ್ನು ಲೆಕ್ಕದ ಪುಸ್ತಕಗಳು.

ಇವು ಅಜ್ಜಿಯ ಮಂಚದ ಕೆಳಗೆ ಮರದ ಪೆಟ್ಟಿಗೆಯಲ್ಲಿದ್ದವು. ಶಾಲೆಯ ನೋಟ್‌ಬುಕ್‌ಗಳು, 41. ಮೊದಲಿನದ್ದು 1979ರದ್ದು. ಬಂದವರ ಊರು, ಕೊಟ್ಟ ಬಾಡಿಗೆ, ನೀರು ಏರಿದ ಹೊತ್ತು, ಸಿಕ್ಕಿದ ಮೀನು, ಅದರ ತೂಕ, ಬಿಟ್ಟದ್ದೋ ತಂದದ್ದೋ, ಎಲ್ಲ ಕನ್ನಡದಲ್ಲಿ, ಅವರ ದುಂಡಗಿನ ಅಕ್ಷರದಲ್ಲಿ. "ಕಾಳಾಂಜಿ 1. ಏಳು ಕಿಲೊ. ಬಿಟ್ಟದ್ದು. ಮಂಗಳೂರಿನವರಿಗೆ ಬೇಸರ ಆಯ್ತು." "ಮಾಲ ತುಂಬಾ. ಕಾಣೆ ಇಲ್ಲ." (ಮಾಲ, ಕಾಣೆ ಎರಡೂ ಮೀನಿನ ಹೆಸರು.) "ಬಾವಿ ನೀರು ಉಪ್ಪು. ಮಾರ್ಚಿನಲ್ಲೇ." ಈ ಕೊನೆಯ ಮಾತು ಹಳೆ ಪುಸ್ತಕಗಳಲ್ಲಿ ಇಲ್ಲ. ರಾತ್ರಿ ಹೊಯ್ಗೆ ದೋಣಿಗಳ ಸದ್ದು ಕೇಳಿದ ವರ್ಷಗಳ ನಂತರ ಶುರುವಾಗುತ್ತದೆ. ಹೊಯ್ಗೆ ತೆಗೆದು ಹೊಳೆಯ ತಳ ಆಳವಾದರೆ ಉಪ್ಪುನೀರು ಇನ್ನೂ ಮೇಲಕ್ಕೆ ನುಗ್ಗುತ್ತದೆ. ಹೊಳೆಯ ದಡ ಉಳಿಸಲು, ಹೊಯ್ಗೆಗೆ ಮಿತಿ ಹಾಕಲು ಕೇರಳದಲ್ಲಿ 2001ರಿಂದ ಕಾನೂನೇ ಇದೆ. ಕಾನೂನು ಬಂದ ಮೇಲೂ ದೋಣಿ ಎಷ್ಟು ಗಂಟೆಗೆ ಬಂತು ಎಂದು ಅಜ್ಜಿ ಬರೆಯುತ್ತಲೇ ಹೋಗಿದ್ದಾರೆ. ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಯಾರು ಓದುತ್ತಾರೆ ಎಂದು ಅಂದುಕೊಂಡಿರಬೇಕು.

ಒಂದು ಪುಟ ಓದುವಾಗ ನನ್ನ ಕೈ ನಡುಗಿತು. 1990ರ ದಶಕದ ಪುಸ್ತಕ. "ಮೊದಲ ಮಳೆ. ಮೇಲಿನಿಂದ ಮೀನು ಬೆಳ್ಳಗೆ ತೇಲಿ ಬಂದಿದೆ. ಯಾರಿಗೂ ಬಡಿಸಲಿಲ್ಲ. ಬಂದವರನ್ನು ವಾಪಸ್ ಕಳಿಸಿದೆ, ದುಡ್ಡು ಕೊಟ್ಟೆ." ಈ ಹೊಳೆಯ ಮೇಲ್ಭಾಗದಲ್ಲಿ ಎಣ್ಮಕಜೆ ಎಂಬ ಊರು ಇದೆ. ಅಲ್ಲಿಯ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಾಲ ಅದು. 2000ದ ತನಕ ಸುರಿದರು. ಮೀನಿಗೆ ಅದು ಎಂಥ ವಿಷ ಎಂದು ಈಗ ಎಲ್ಲರಿಗೂ ಗೊತ್ತು. ಮನುಷ್ಯರ ಮಕ್ಕಳಿಗೆ ಏನಾಯಿತು ಎನ್ನುವುದು ಈ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ತಡೆದದ್ದು 2011ರಲ್ಲಿ. ಅಜ್ಜಿ ಕಾರಣ ಬರೆಯಲಿಲ್ಲ. ಕಂಡದ್ದನ್ನು ಬರೆದರು. ಆ ದಿನಗಳಲ್ಲಿ ಹೊಳೆಬದಿಯ ಹತ್ತು ಮನೆಗಳಲ್ಲಿ ಹೀಗೆ ಬರೆದಿಟ್ಟಿದ್ದರೆ, ಹಳ್ಳಿಯವರ ಮಾತಿಗೆ ಪುರಾವೆ ಎಲ್ಲಿ ಎಂದು ಕೇಳುವವರಿಗೆ ಉತ್ತರ ಕೊಡುವುದು ಎಷ್ಟು ಸುಲಭ ಆಗುತ್ತಿತ್ತು ಅಲ್ವಾ?

ಅದೇ ಮರದ ಪೆಟ್ಟಿಗೆಯಲ್ಲಿ ಒಂದು ತುಕ್ಕು ಹಿಡಿದ ಬಿಸ್ಕೆಟ್ ಡಬ್ಬ ಸಿಕ್ಕಿತು. ಅದರೊಳಗೆ ಲಾಡ್ಜ್‌ನ ಲೈಸೆನ್ಸ್ ಫೀಸು ಕಟ್ಟಿದ ರಸೀದಿಗಳು. ಒಂದು ವರ್ಷವೂ ತಪ್ಪಿಲ್ಲ. ಕೊನೆಯ ರಸೀದಿ ಈ ವರ್ಷದ್ದು. ಅದರ ಮೇಲಿನ ಸೀಲು ನಿಮ್ಮ ಕಚೇರಿಯದು. ಫೀಸು ತೆಗೆದುಕೊಂಡ ವರ್ಷವೇ ಅದೇ ಕಟ್ಟಡ ಉಪಯೋಗವಿಲ್ಲದ್ದು ಎಂದು ಬರೆದದ್ದು ಹೇಗೆ? ಜಾಗ ನೋಡಲು ಯಾರು ಬಂದಿದ್ದರು, ಯಾವ ದಿನ, ಯಾವ ಹೊತ್ತಿಗೆ? ನಾನು ಕೇಳಿದ ಮೊದಲ ಪ್ರಶ್ನೆಯೇ ಇದು. ಇನ್ನೂ ಉತ್ತರ ಬಂದಿಲ್ಲ.

ನಾನು ಹೇಗೆ ಕೇಳಿದೆ, ಏನಾಯಿತು ಎಂಬುದನ್ನೂ ಹೇಳುತ್ತೇನೆ. ನೋಟೀಸಿನ ವಿಷಯ ನನಗೆ ತಿಳಿದದ್ದು ಎಂಟನೇ ದಿನ. ರಜೆ ಹಾಕಿ ಬಂದೆ. ಆಕ್ಷೇಪವನ್ನು ಕನ್ನಡದಲ್ಲಿ ಬರೆದು ತಂದುಕೊಟ್ಟೆ. ಅಜ್ಜಿಯ ಸಹಿ ಇತ್ತು. ಕೌಂಟರಿನಲ್ಲಿದ್ದವರು ಓದದೆ ಹಿಂದಕ್ಕೆ ಕೊಟ್ಟರು. ಮಲಯಾಳದಲ್ಲಿ ಬರೆದು ತನ್ನಿ ಎಂದರು. ಮಲಯಾಳದಲ್ಲಿ ಬರೆಸಿ ತರುವಷ್ಟರಲ್ಲಿ ನಡುವೆ ಎರಡು ರಜೆ ಬಂತು, ಹದಿನಾರನೇ ದಿನ ಆಯಿತು. ತಡವಾಯಿತು ಎಂದರು. ಆ ದಿನ ಸಂಜೆ ಮನೆಗೆ ಬಂದು ಅಜ್ಜಿಗೆ ಏನು ಹೇಳುವುದೆಂದು ತಿಳಿಯದೆ ಕಡವಿನ ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ದೆ. ಕೊನೆಗೆ ಅವರೇ ಬಂದು ಪಕ್ಕದಲ್ಲಿ ಕೂತರು. "ತಗೊಳ್ಳಲಿಲ್ಲ ಅಲ್ವಾ" ಎಂದರು. ಆಮೇಲೆ, "ಊಟ ಮಾಡು ಬಾ" ಎಂದರು.

ಮಾನ್ಯರೇ, ಕುಂದುಕೊರತೆಯ ಅರ್ಜಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದಿದೆ. ಅಂದರೆ ನಾನು ಕೇಳುತ್ತಿರುವುದು ದಯೆಯನ್ನಲ್ಲ. ಇರುವ ನಿಯಮವನ್ನು. ಮನೆ ಹೋಗುವ ವಿಷಯವನ್ನು ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸದಿದ್ದರೆ, 15 ದಿನದ ಗಡುವಿಗೆ ಏನು ಅರ್ಥ?

ಈಗ ಗೋಡೆಯ ಬಗ್ಗೆ. ನನಗೆ ಪಾರ್ಕ್ ಬೇಡ ಎಂದಿಲ್ಲ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ನಮ್ಮಲ್ಲಿ ಜಾಗ ಇಲ್ಲ ಎನ್ನುವುದು ನಿಜ. ಆದರೆ ಕಡವಿನ ಎರಡೂ ಬದಿಗೆ ಇರುವ ಕಾಂಡ್ಲದ ಪೊದೆ ತೆಗೆದು, ಕೆಸರಿನ ಮೇಲೆ ಕಾಂಕ್ರೀಟು ಹಾಕಿ ನೇರ ಗೋಡೆ ಎಬ್ಬಿಸಿದರೆ ಕರಿಮೀನು ಮೊಟ್ಟೆ ಎಲ್ಲಿ ಇಡಬೇಕು? ಚೆಂಬಲ್ಲಿ ದೊಡ್ಡದಾದ ಮೇಲೆ ಕಡಲಿಗೆ ಹೋಗುತ್ತದೆ, ಸಣ್ಣದಿರುವಾಗ ಕಾಂಡ್ಲದ ಬೇರುಗಳ ನಡುವೆಯೇ ಅಡಗಿ ಬೆಳೆಯುತ್ತದೆ. ಸಿಗಡಿ ಮರಿಯೂ ಹಾಗೆಯೇ. ಕಾಂಡ್ಲ ಹೋದರೆ ಗಾಳದವರಿಗೆ ಮಾತ್ರ ನಷ್ಟ ಎಂದು ತಿಳಿಯಬೇಡಿ. ಅಳಿವೆಯ ಆಚೆ ಬಲೆ ಹಾಕುವವರಿಗೂ ನಷ್ಟ. ಮಳೆಗಾಲದಲ್ಲಿ ದಡ ಕೊರೆಯದ ಹಾಗೆ ಹಿಡಿದು ನಿಲ್ಲಿಸಿದ್ದು ಕೂಡ ಅದೇ ಬೇರುಗಳು. ನಮ್ಮ ಅಂಗಳದ ಬದಿಯ ದಡ ಇಷ್ಟು ವರ್ಷದಲ್ಲಿ ಒಂದು ಹೆಜ್ಜೆಯೂ ಹಿಂದೆ ಸರಿದಿಲ್ಲ. ಸ್ವಲ್ಪ ಕೆಳಗೆ, ಕಾಂಡ್ಲ ಕಡಿದ ಕಡೆ, ಎರಡು ತೆಂಗಿನಮರ ಹೊಳೆಗೆ ಬಿದ್ದಿದೆ. ಬಂದು ನೋಡಬಹುದು. ಉಬ್ಬರದ ನೀರು ಏರುವ ಹೊಳೆದಡಕ್ಕೂ ಕರಾವಳಿ ನಿಯಂತ್ರಣ ನಿಯಮ ಅನ್ವಯಿಸುತ್ತದೆ, ಕಾಂಡ್ಲ ಇರುವ ಜಾಗಕ್ಕೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ರಕ್ಷಣೆ ಇದೆ. ಆ ನಿಯಮದ ಒಂದು ಮಾತೂ ನೋಟೀಸಿನಲ್ಲಿಲ್ಲ.

ನಮ್ಮ ಜಿಲ್ಲೆಗೆ ಇಂಥ ವಿಷಯದಲ್ಲಿ ಒಳ್ಳೆ ಹೆಸರಿದೆ. 2023ರಲ್ಲಿ ಕಾಸರಗೋಡು ತನ್ನದೇ ಆದ ಮರ, ಹಕ್ಕಿ, ಹೂವು, ಪ್ರಾಣಿ ಎಂದು ಘೋಷಿಸಿತು. ಬಿಳಿಹೊಟ್ಟೆಯ ಕಡಲ ಹದ್ದು ಜಿಲ್ಲೆಯ ಹಕ್ಕಿ. ಚಂದ್ರಗಿರಿ ಹೊಳೆಯಲ್ಲಿರುವ ದೊಡ್ಡ ಮೆತ್ತನೆ ಚಿಪ್ಪಿನ ಆಮೆ ಜಿಲ್ಲೆಯ ಪ್ರಾಣಿ. ಆ ಆಮೆಯನ್ನು ಹುಡುಕಲು ಬಂದ ಸಂಶೋಧಕರು ಹೊಳೆಬದಿಯ ಜನರ ಹತ್ತಿರ ಕೂತು, ಅವರು ಕಂಡದ್ದನ್ನು ಕೇಳಿ ಕೆಲಸ ಮಾಡಿದರು. ಚಂದ್ರಗಿರಿಯಲ್ಲಿ ಆದದ್ದು ಶಿರಿಯಾದಲ್ಲಿ ಯಾಕೆ ಆಗಬಾರದು? ನಮ್ಮಲ್ಲಿ ಕೇಳುವುದಕ್ಕೆ ಅಜ್ಜಿ ಇಲ್ಲ. ಅವರ 41 ಪುಸ್ತಕ ಇದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಆ ನೋಟೀಸನ್ನು ಹಿಂದಕ್ಕೆ ತೆಗೆದುಕೊಂಡು ಕನ್ನಡದಲ್ಲೂ ಮಲಯಾಳದಲ್ಲೂ ಹೊಸದಾಗಿ ಹೊರಡಿಸಿ. ಹೊಳೆಬದಿಯ ಎಲ್ಲ ಮನೆಗಳಿಗೂ ಕೊಡಿ, ನಮಗೊಬ್ಬರಿಗೇ ಅಲ್ಲ. ಆಚೆ ದಡದ ಸಿಗಡಿ ಹಿಡಿಯುವ ಹೆಂಗಸರಿಗೆ ಈ ಯೋಜನೆಯ ಬಗ್ಗೆ ಏನೂ ಗೊತ್ತಿಲ್ಲ. ಗ್ರಾಮಸಭೆಯಲ್ಲಿ ನಕ್ಷೆ ಇಟ್ಟು ವಿವರಿಸಿ, ಅವರು ಮಾತಾಡಲಿ.

ಕಡವಿನ ಬಳಿ ಕಾಂಕ್ರೀಟು ಗೋಡೆ ಬೇಡ. ಮೆಟ್ಟಿಲು ಇದ್ದ ಹಾಗೆ ಇರಲಿ, ಕಾಂಡ್ಲ ಇದ್ದ ಹಾಗೆ ಇರಲಿ. ನಡೆಯುವ ದಾರಿಯನ್ನು ನಮ್ಮ ಮನೆಯ ಹಿಂಬದಿಯಿಂದ ತೆಗೆದುಕೊಂಡು ಹೋಗಿ. ಅದಕ್ಕೆ ನಮ್ಮ ಜಾಗದಿಂದ ಬೇಕಾದಷ್ಟು ಅಗಲ ಬಿಟ್ಟುಕೊಡಲು ಅಮ್ಮ ಮತ್ತು ಮಾವಂದಿರು ಒಪ್ಪಿದ್ದಾರೆ. ಬರೆದುಕೊಡುತ್ತೇವೆ, ದುಡ್ಡು ಬೇಡ.

ಪುಸ್ತಕಗಳನ್ನು ಮೀನುಗಾರಿಕೆಯ ಬಗ್ಗೆ ಓದುವ ಯಾವುದೇ ಕಾಲೇಜಿನವರಿಗೆ, ಇಲಾಖೆಯವರಿಗೆ ನಕಲು ಮಾಡಿಕೊಳ್ಳಲು ಕೊಡುತ್ತೇವೆ. ಕನ್ನಡ ಓದಲು ಬಾರದವರು ಬಂದರೆ ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತೇನೆ. ಅಜ್ಜಿಗೆ ಪಕ್ಕದ ಮನೆಯ ಹುಡುಗಿ ಓದಿ ಹೇಳಿದ ಹಾಗೆ.

ಇನ್ನೊಂದಿದೆ. ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಕಡತದಲ್ಲಿ ನಮ್ಮ ಜಾಗದ ಹೆಸರಿನ ಎದುರು ಬರೆದ ಆ ಶಬ್ದವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: 1979ರಿಂದ ನಡೆಯುತ್ತಿರುವ ಲಾಡ್ಜ್, ಊಟ ಕೊಡುತ್ತಾರೆ, ನಡೆಸಿದವರು ಇಂಥವರು ಎಂದು. ಅಜ್ಜಿಯ ಪೂರ್ತಿ ಹೆಸರನ್ನು ನಾನು ಬರೆದುಕೊಡುತ್ತೇನೆ. ಅವರ ಮರಣ ಪ್ರಮಾಣಪತ್ರದಲ್ಲಿ ಹೆಸರು ಒಂದು ಅಕ್ಷರ ತಪ್ಪಾಗಿ ಬಂದಿದೆ. ಅದನ್ನು ಸರಿಪಡಿಸಲು ಬೇರೆ ಅರ್ಜಿ ಕೊಟ್ಟಿದ್ದೇನೆ. ಕಡತದಲ್ಲಾದರೂ ಸರಿಯಾಗಿ ಇರಲಿ.

ಲಾಡ್ಜ್ ಮುಚ್ಚಿಲ್ಲ. ಅಮ್ಮ ಕೆಲಸದಿಂದ ನಿವೃತ್ತರಾಗಿದ್ದಾರೆ, ಅವರೇ ಅಡುಗೆ ನೋಡಿಕೊಳ್ಳುತ್ತಾರೆ. ನಾನು ಶುಕ್ರವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತೇನೆ. 42ನೇ ಪುಸ್ತಕ ತಂದಾಗಿದೆ. ಅಮ್ಮನ ಅಕ್ಷರ ಅಜ್ಜಿಯದ್ದರ ಹಾಗೆ ದುಂಡಗಿಲ್ಲ, ಆದರೆ ಓದಬಹುದು.

ಮುಂದಿನ ಅಮಾವಾಸ್ಯೆಯ ಮರುದಿನ, ನೀರು ಚೆನ್ನಾಗಿ ಏರುವ ಹೊತ್ತಿಗೆ, ನೀವೆಲ್ಲರೂ ಒಮ್ಮೆ ಕಡವಿಗೆ ಬನ್ನಿ. ನಕ್ಷೆಯನ್ನೂ ತನ್ನಿ. ಮೆಟ್ಟಿಲ ಬಲಬದಿಯಲ್ಲಿ ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿದೆ, ಅದು ಅಜ್ಜಿ ಕೊನೆಯದಾಗಿ ಕಟ್ಟಿದ್ದು. ದೋಣಿಯಲ್ಲಿ ಬರುವುದಾದರೆ ಅದರ ಹತ್ತಿರ ಮಾತ್ರ ನಿಲ್ಲಿಸಬೇಡಿ. ಮಧ್ಯಾಹ್ನದ ಊಟ ನಮ್ಮಲ್ಲೇ. ಎಷ್ಟು ಜನ ಎಂದು ಒಂದು ದಿನ ಮುಂಚೆ ತಿಳಿಸಿದರೆ ಸಾಕು.

ಇತಿ,
ಕಡವಿನಕ್ಕನ ಮೊಮ್ಮಗಳು
ಶಿರಿಯಾ ಹೊಳೆಬದಿ, ಕಾಸರಗೋಡು ಜಿಲ್ಲೆ